ಕುರ್ಚಿಗೆ ಕೋಟು, ಹೆಸರಿಗೆ ಹಸಿರು ಚುಕ್ಕೆ

ಕಣ್ಣಿಗೆ ಕಾಣದ ಜನರಿಂದ ಕೆಲಸ ತೆಗೆಯುವುದು ಹೇಗೆ ಎಂಬ ಚಿಂತೆ ನಮ್ಮ ಕಂಪ್ಯೂಟರ್ ಕಂಪನಿಗಳ ಮ್ಯಾನೇಜರುಗಳಿಗೆ ಹತ್ತಿದ್ದು 2020ರ ಮಾರ್ಚಿನಲ್ಲಿ. ದೇವರಿಗೆ ಇದು ಮೊದಲಿನಿಂದಲೂ ಇರುವ ಕಸುಬು. ಕೋಟ್ಯಂತರ ಜನ, ಒಬ್ಬರೂ ಎದುರಿಗಿಲ್ಲ. ಆದರೂ ಅವನು ಬೆಳಿಗ್ಗೆ ಒಂಬತ್ತೂವರೆಗೆ ಎಲ್ಲರನ್ನೂ ಒಟ್ಟು ಹಾಕಿ, "ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀಯ, ಅಡ್ಡಿ ಏನಾದರೂ ಇದೆಯಾ" ಎಂದು ಕೇಳಿದ್ದನ್ನು ಯಾವ ಪುರಾಣಿಕರೂ ಹೇಳಿಲ್ಲ. ಅಡ್ಡಿಗಳ ಪಟ್ಟಿಯನ್ನು ನಾವಾಗಿಯೇ ಹೋಗಿ ಒಪ್ಪಿಸಿ ಬರುತ್ತೇವೆ, ಆ ಮಾತು ಬೇರೆ.

ಮನುಷ್ಯನಾಗಿ ಹುಟ್ಟಿಬಂದ ರಾಮನ ಲೆಕ್ಕವನ್ನೇ ನೋಡಿ. ಚಿತ್ರಕೂಟಕ್ಕೆ ಹುಡುಕಿಕೊಂಡು ಬಂದ ಭರತನನ್ನು ಹತ್ತಿರ ಕೂರಿಸಿಕೊಂಡು ವಾಲ್ಮೀಕಿಯ ರಾಮ ಒಂದು ಸರ್ಗ ಪೂರ್ತಿ ಪ್ರಶ್ನೆ ಕೇಳುತ್ತಾನೆ. ಸೈನ್ಯಕ್ಕೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗುತ್ತಿದೆಯೇ, ನೀನು ನಿದ್ದೆಗೆ ವಶವಾಗಿಲ್ಲ ತಾನೇ, ಆಲೋಚನೆ ಮಾಡುವಾಗ ಒಬ್ಬನೇ ಕೂರುವುದಿಲ್ಲ ತಾನೇ, ಹಾಗೆಂದು ತೀರಾ ಬಹಳ ಜನರನ್ನು ಸೇರಿಸಿಕೊಳ್ಳುವುದೂ ಇಲ್ಲ ತಾನೇ, ಹೀಗೆ. ಈ ಕೊನೆಯ ಪ್ರಶ್ನೆಯನ್ನು ಮೂವತ್ತೆಂಟು ಜನರಿಗೆ ಮೀಟಿಂಗ್ ಇನ್‌ವೈಟ್ ಕಳಿಸುವವರು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಳ್ಳಬೇಕು. ಅಷ್ಟು ಕೇಳಿ, ಪಾದುಕೆ ಕೊಟ್ಟು ಕಳಿಸಿದವನು 14 ವರ್ಷ ಮತ್ತೆ ತಲೆ ಹಾಕಲಿಲ್ಲ. ಭರತ ನಂದಿಗ್ರಾಮದಲ್ಲಿ ಕೂತು ಪ್ರತಿಯೊಂದನ್ನೂ ಮೊದಲು ಪಾದುಕೆಗಳಿಗೆ ಅರಿಕೆ ಮಾಡಿಕೊಳ್ಳುತ್ತಿದ್ದ. ಆ ಪಾದುಕೆಗಳ ದೊಡ್ಡ ಗುಣವೆಂದರೆ, ಅವು ಒಂದು ಸಲವೂ "ಭರತ, ಎರಡು ನಿಮಿಷ ಇದೆಯಾ, ಒಂದು ಕ್ವಿಕ್ ಕಾಲ್" ಅನ್ನಲಿಲ್ಲ. ಕೊನೆಗೆ ಲೆಕ್ಕ ಒಪ್ಪಿಸುವಾಗ ಬೊಕ್ಕಸ, ಕಣಜ, ಸೈನ್ಯ ಎಲ್ಲ ಹತ್ತು ಪಟ್ಟಾಗಿತ್ತು. ಹಾಗಂತ ರಾಮನಿಗೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಊರು ಹತ್ತಿರವಾದಾಗ ಹನುಮಂತನನ್ನು ಮುಂದೆ ಕಳಿಸಿ, ನಾನು ಬರುತ್ತಿರುವ ಸುದ್ದಿ ಕೇಳಿ ಭರತನ ಮುಖ ಹೇಗಾಗುತ್ತದೆ ನೋಡಿಕೊಂಡು ಬಾ ಎಂದ. ಕ್ಯಾಮೆರಾ ಆನ್ ಮಾಡಿಸುವ ಚಟಕ್ಕೆ ಅಷ್ಟು ಹಳೆಯ ಪರಂಪರೆ ಇದೆ. ಅವನದು ಮಾತ್ರ 14 ವರ್ಷಕ್ಕೆ ಒಂದು ಸಲ. ನಮ್ಮ ಅಳಿಯಂದಿರದು ದಿನಕ್ಕೆ ನಾಲ್ಕು ಸಲ.

ಅಳಿಯಂದಿರ ಹೆಸರು ಬರೆಯುವುದಿಲ್ಲ, ಮಗಳ ಮುಖ ನೋಡಿ ಸುಮ್ಮನಿದ್ದೇನೆ. ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಅವರು ಮ್ಯಾನೇಜರು. ಕೈಕೆಳಗೆ ಹನ್ನೊಂದು ಜನ. ನಾಲ್ವರು ಹೈದರಾಬಾದು, ಐವರು ಪುಣೆ, ಒಬ್ಬಳು ಶಿರಸಿ ಕಡೆಯ ಹಳ್ಳಿ, ಒಬ್ಬ ಪೋಲೆಂಡು. ಇವರ ಕೆಲಸಕ್ಕೆ ದುಡ್ಡು ಕೊಡುವ ಕ್ಲೈಂಟು ಕ್ಯಾಲಿಫೋರ್ನಿಯಾ. ಇಷ್ಟು ದೊಡ್ಡ ಭೂಗೋಳಕ್ಕೆ ರಾಜಧಾನಿ ಬಸವನಗುಡಿಯ ನಮ್ಮ ಮನೆಯ ಊಟದ ಮೇಜು. ಒಂದು ಕಡೆ ಉಪ್ಪಿನಕಾಯಿ ಜಾಡಿ, ಇನ್ನೊಂದು ಕಡೆ ರೌಟರು. ಮಹಡಿಯ ರೂಮು ಮಗಳದು. ಅವಳೂ ಬೇರೊಂದು ಕಂಪನಿಯಲ್ಲಿ ಒಂದು ಟೀಮು ನೋಡಿಕೊಳ್ಳುತ್ತಾಳೆ. ಅವಳ ರೂಮಿನಿಂದ ಸದ್ದೇ ಬರುವುದಿಲ್ಲ. ಮೊದಮೊದಲು, ಕೆಲಸ ಹೋಗಿದೆ, ಯಾರಿಗೂ ಹೇಳದೆ ಮುಚ್ಚಿಟ್ಟಿದ್ದಾಳೆ ಎಂದುಕೊಂಡು ನಮ್ಮವಳು ದೊಡ್ಡ ಗಣಪತಿಗೆ ಬೆಣ್ಣೆ ಅಲಂಕಾರದ ಹರಕೆ ಹೊತ್ತಿದ್ದಳು. ಸದ್ದೆಲ್ಲ ಕೆಳಗೆ.

ಲೋಕವೆಲ್ಲ ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ಜೂಮ್‌ನವರು ಒಂದು ಲೆಕ್ಕ ಕೊಟ್ಟಿದ್ದರು. 2019ರ ಡಿಸೆಂಬರಿನಲ್ಲಿ ದಿನಕ್ಕೆ 1 ಕೋಟಿ ಇದ್ದ ಮೀಟಿಂಗ್ ಹಾಜರಿ 2020ರ ಏಪ್ರಿಲ್ ಹೊತ್ತಿಗೆ 30 ಕೋಟಿಗೆ ಮುಟ್ಟಿತ್ತು. ಹೊಸದಾಗಿ ಸೇರಿದ 29 ಕೋಟಿಯಲ್ಲಿ ಅರ್ಧದಷ್ಟು "ನೀವು ಮ್ಯೂಟ್‌ನಲ್ಲಿದೀರಿ" ಎಂದು ಹೇಳುವುದಕ್ಕೆ, ಇನ್ನರ್ಧ ಹಾಗೆ ಹೇಳಿಸಿಕೊಳ್ಳುವುದಕ್ಕೆ ಬಂದದ್ದು ಎಂಬುದು ಊಟದ ಮೇಜಿನ ಪಕ್ಕದಲ್ಲಿ ಪೇಪರ್ ಓದುತ್ತ ಕೂತ ನನ್ನ ಅಂದಾಜು.

ಅಳಿಯಂದಿರ ಲ್ಯಾಪ್‌ಟಾಪಿನಲ್ಲಿ ಟೀಮಿನವರ ಹೆಸರು ಸಾಲಾಗಿ ನಿಂತಿರುತ್ತವೆ. ಪ್ರತಿ ಹೆಸರಿಗೂ ಒಂದು ಚುಕ್ಕೆ. ಹಸಿರಾದರೆ ಆಸಾಮಿ ಇದ್ದಾನೆ, ಹಳದಿಯಾದರೆ ಎದ್ದು ಹೋಗಿದ್ದಾನೆ, ಕೆಂಪಾದರೆ ಬಿಜಿ. ನಂದಾದೀಪ ಕಾಯುವ ಮಡಿ ಹೆಂಗಸಿನ ಹಾಗೆ ಅಳಿಯಂದಿರು ಆ ಚುಕ್ಕೆಗಳನ್ನು ಕಾಯುತ್ತಾರೆ. ಯಾವುದಾದರೂ ಹಳದಿಗೆ ತಿರುಗಿತೋ, ಇವರ ತುತ್ತು ಅರ್ಧಕ್ಕೇ ನಿಲ್ಲುತ್ತದೆ.

"ಮಾವ, ನೋಡಿ ಈ ಹುಡುಗ ಇಪ್ಪತ್ತು ನಿಮಿಷದಿಂದ ಸೀಟಲ್ಲಿಲ್ಲ."

"ಸ್ನಾನಕ್ಕೆ ಹೋಗಿರಬೇಕು ಬಿಡಿ."

"ಹನ್ನೊಂದು ಗಂಟೆಗೆ ಸ್ನಾನವೇ?"

"ನೀವು ಮಾಡಿದ್ದು ಹನ್ನೆರಡಕ್ಕಲ್ಲವೇ?"

ಇಂಥ ಪ್ರಶ್ನೆ ಬಂದಾಗ ಅವರಿಗೆ ತಕ್ಷಣ ಒಂದು ಕಾಲ್ ಬರುತ್ತದೆ.

ನಾನು ಬ್ಯಾಂಕಿನಲ್ಲಿ ಸವೆದವನು. ನಮ್ಮ ಕಾಲದ ಹಸಿರು ಚುಕ್ಕೆ ಎಂದರೆ ಕೋಟು. ಬೆಳಿಗ್ಗೆ ಹತ್ತಕ್ಕೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಕೋಟನ್ನು ಕುರ್ಚಿಯ ಬೆನ್ನಿಗೆ ತಗುಲಿಸಿ, ಫ್ಯಾನು ಹಾಕಿ, ಲೆಡ್ಜರು ಬಿಡಿಸಿ, ಅದರ ಮೇಲೆ ಕ್ಯಾಪು ತೆಗೆದ ಪೆನ್ನಿಟ್ಟು ಹೊರಟರೆ ಆಸಾಮಿ ಇದ್ದಾನೆ ಎಂದೇ ಲೆಕ್ಕ. ಕೋಟು ಆಫೀಸಿನಲ್ಲಿ, ಕೋಟಿನ ಯಜಮಾನ ವಿದ್ಯಾರ್ಥಿ ಭವನದಲ್ಲಿ ಎರಡನೆಯ ದೋಸೆಗೆ ಕಾಯುತ್ತ. ಮ್ಯಾನೇಜರು ರೌಂಡ್ಸ್ ಬಂದಾಗ ಕೋಟಿನ ಮುಖ ನೋಡಿ ಸಮಾಧಾನಪಟ್ಟುಕೊಂಡು ಹೋಗುತ್ತಿದ್ದರು. ಏಪ್ರಿಲ್ ತಿಂಗಳ ಸೆಖೆಯಲ್ಲಿ ಕ್ಯಾಷಿಯರಿಗೆ ಕೋಟು ಯಾಕೆ ಎಂದು ಅವರು ಕೇಳಲಿಲ್ಲ. ಕೇಳಿದರೆ ಅವರ ಸ್ವಂತ ಕೋಟಿನ ವಿಚಾರವೂ ಎತ್ತಬೇಕಾಗುತ್ತಿತ್ತಲ್ಲ.

ಈಗಿನ ಕೋಟಿಗೆ ಮೌಸ್ ಜಿಗ್ಲರ್ ಎಂದು ಹೆಸರು. ಮೌಸನ್ನು ತಾನಾಗಿಯೇ ಅಲ್ಲಾಡಿಸುವ ಸಣ್ಣ ಯಂತ್ರ. ದುಡ್ಡು ಖರ್ಚು ಮಾಡದ ಉಪಾಯವೂ ಇದೆಯಂತೆ. ಮುಳ್ಳಿನ ಕೈಗಡಿಯಾರದ ಮುಖದ ಮೇಲೆ ಮೌಸ್ ಇಟ್ಟರೆ ಸೆಕೆಂಡಿನ ಮುಳ್ಳು ಓಡಿದಂತೆಲ್ಲ ಪರದೆಯ ಮೇಲೆ ಬಾಣ ಕದಲುತ್ತದೆ, ಚುಕ್ಕೆ ಹಸಿರಾಗಿಯೇ ಇರುತ್ತದೆ. 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ದೇಶಕ್ಕೆಲ್ಲ ಟೈಮ್ ತೋರಿಸಿ, ಕಡೆಗೆ ಬಾಗಿಲು ಹಾಕಿಕೊಂಡ ಎಚ್‌ಎಂಟಿ ವಾಚಿಗೆ ಹೀಗೆ ಇಳಿವಯಸ್ಸಿನಲ್ಲಿ ಐಟಿ ಕೆಲಸ ಸಿಕ್ಕಿತು. ಅಮೆರಿಕದಲ್ಲಿ ಇದು ತಮಾಷೆಯಾಗಿ ಉಳಿಯಲಿಲ್ಲ. ಕೀಬೋರ್ಡು ಕುಟ್ಟುತ್ತಿರುವಂತೆ ನಟಿಸಿದರು ಎಂಬ ಆರೋಪದ ಮೇಲೆ 2024ರಲ್ಲಿ ವೆಲ್ಸ್ ಫಾರ್ಗೋ ಬ್ಯಾಂಕು ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ನಮ್ಮ ಕಾಲದಲ್ಲಿ ಕೋಟಿಗೆ ಚಾರ್ಜ್‌ಶೀಟು ಕೊಟ್ಟಿದ್ದರೆ ಬ್ಯಾಂಕೇ ಮುಚ್ಚಬೇಕಾಗುತ್ತಿತ್ತು.

ಮೈಕ್ರೋಸಾಫ್ಟ್‌ನವರು 2022ರಲ್ಲಿ ಹನ್ನೊಂದು ದೇಶದ 20,000 ಜನರನ್ನು ಕೇಳಿ ಒಂದು ವರದಿ ಹೊರತಂದರು. ನೌಕರರಲ್ಲಿ ನೂರಕ್ಕೆ 87 ಜನ "ನಾವು ಚೆನ್ನಾಗಿಯೇ ದುಡಿಯುತ್ತಿದ್ದೇವೆ" ಎಂದರು. ಮೇಲಿನವರಲ್ಲಿ ನೂರಕ್ಕೆ 85 ಜನ, ಮನೆ-ಆಫೀಸು ಎರಡೂ ಕಲಸಿಕೊಂಡ ಈ ವ್ಯವಸ್ಥೆಯಲ್ಲಿ ಜನ ದುಡಿಯುತ್ತಿದ್ದಾರೆಂದು ನಂಬುವುದೇ ಕಷ್ಟವಾಗಿದೆ ಎಂದರು. ಸಂಸಾರದಲ್ಲಿ ಇಂಥ ಅಂಕಿ ಬಂದರೆ ಎರಡೂ ಕಡೆಯ ಹಿರಿಯರನ್ನು ಕೂರಿಸಿ ಮಾತಾಡುತ್ತಾರೆ. ಕಂಪನಿಗಳು ಸಾಫ್ಟ್‌ವೇರ್ ಕೊಂಡವು. ಯಾರು ಎಷ್ಟು ಕೀಲಿ ಒತ್ತಿದರು, ಎಷ್ಟು ಹೊತ್ತು ಪರದೆ ನೋಡಿದರು ಎಂದು ಎಣಿಸುವ ಸಾಫ್ಟ್‌ವೇರು. ಕೀಲಿ ಎಣಿಸಿದರೆ ಜನ ಕೀಲಿ ಒತ್ತುತ್ತಾರೆ, ಅದರಲ್ಲಿ ಆಶ್ಚರ್ಯವೇನಿದೆ? ಈ ಅಳತೆಯಲ್ಲಿ ಯೋಚನೆ ಮಾಡುತ್ತ ಕಿಟಕಿಯಾಚೆ ನೋಡುವವನು ಸೋಮಾರಿ, ಒಂದೇ ಅಕ್ಷರ ಬರೆದು ಅಳಿಸಿ ಬರೆದು ಅಳಿಸುವವನು ಕರ್ಮಯೋಗಿ.

ಇದನ್ನು ನೋಡಿದಾಗೆಲ್ಲ ನನಗೆ ಪಿಗ್ಮಿ ಕಲೆಕ್ಟರುಗಳು ನೆನಪಾಗುತ್ತಾರೆ. ಕಣ್ಣಿಗೆ ಕಾಣದ ಟೀಮು ಎಂಬುದನ್ನು ಸಿಲಿಕಾನ್ ವ್ಯಾಲಿಯವರು ಕಂಡುಹಿಡಿದರು ಎಂದು ಅಳಿಯಂದಿರು ನಂಬಿದ್ದಾರೆ. ನಾನು ಅವರಿಗೆ ಉಡುಪಿ ತೋರಿಸಿದೆ. ಡಾ. ಟಿ.ಎಂ.ಎ. ಪೈ ಅವರೂ ಅವರ ಜೊತೆಯವರೂ 1925ರಲ್ಲಿ ಉಡುಪಿಯಲ್ಲಿ ಹುಟ್ಟುಹಾಕಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಕಡೆಯವನು ಮನೆಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ತೆಗೆದುಕೊಂಡು ಹೋಗುತ್ತಾನೆ. ಆಮೇಲೆ ಕರಾವಳಿಯಿಂದ ಘಟ್ಟದ ಮೇಲಿನವರೆಗೆ ಎಷ್ಟೋ ಬ್ಯಾಂಕು, ಸೊಸೈಟಿಗಳು ಇದೇ ದಾರಿ ಹಿಡಿದವು. ನಮ್ಮ ಬ್ರಾಂಚಿಗೂ ಒಬ್ಬ ಪಿಗ್ಮಿ ಕಲೆಕ್ಟರಿದ್ದ. ಹೆಗಲಿಗೆ ರೆಕ್ಸಿನ್ ಚೀಲ, ಕಂಕುಳಲ್ಲಿ ಕೊಡೆ, ಅಟ್ಲಾಸ್ ಸೈಕಲ್ಲು. ಮಧ್ಯಾಹ್ನ ಒಂದು ಗಂಟೆಗೆ ಅವನು ಎಲ್ಲಿದ್ದಾನೆ ಎಂದು ಬ್ರಾಂಚ್ ಮ್ಯಾನೇಜರಿಗೆ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಉಪಾಯವೂ ಇರಲಿಲ್ಲ. ಬಟ್ಟೆ ಅಂಗಡಿಯಲ್ಲಿ ಮಜ್ಜಿಗೆ ಕುಡಿಯುತ್ತಿರಬಹುದು, ಮರದ ನೆರಳಲ್ಲಿ ಮಲಗಿರಬಹುದು. ಸಂಜೆ ಬಂದು ಕೌಂಟರಿನ ಮೇಲೆ ಚಿಲ್ಲರೆ ಸುರಿದಾಗ ಪೈಸೆಗೆ ಪೈಸೆ ಟ್ಯಾಲಿ ಆಗುತ್ತಿತ್ತು.

"ಹಾಗಾದರೆ ಪೂರ್ತಿ ನಂಬಿಕೆಯ ಮೇಲೆ ಬಿಟ್ಟಿದ್ರಾ?" ಎಂದರು ಅಳಿಯಂದಿರು, ನಾನು ಭೋಳೆಯೆಂದು ಸಾಬೀತು ಮಾಡುವ ಉತ್ಸಾಹದಲ್ಲಿ.

ಖಂಡಿತ ಇಲ್ಲ. ಗಿರಾಕಿಯ ಕೈಯಲ್ಲಿ ಒಂದು ಕಾರ್ಡಿರುತ್ತಿತ್ತು. ಪ್ರತಿದಿನ ಕೊಟ್ಟ ದುಡ್ಡನ್ನು ಅದರಲ್ಲಿ ಬರೆದು ಕಲೆಕ್ಟರು ಸಹಿ ಹಾಕಬೇಕು. ಮ್ಯಾನೇಜರಿಗೆ ಅನುಮಾನ ಬಂದರೆ ನಾಲ್ಕು ಕಾರ್ಡು ತರಿಸಿ ಲೆಡ್ಜರಿನ ಜೊತೆ ಹೋಲಿಸಿದರೆ ಮುಗಿಯಿತು. ಅವನ ಹಿಂದೆ ಜವಾನನನ್ನು ಅಟ್ಟಬೇಕಾಗಿರಲಿಲ್ಲ. ಏನು ತರಬೇಕು, ಯಾವ ಹೊತ್ತಿಗೆ ತರಬೇಕು, ತಂದದ್ದು ಸರಿಯೋ ತಪ್ಪೋ ಎಂದು ನೋಡುವುದು ಎಲ್ಲಿ — ಈ ಮೂರು ಮೊದಲೇ ತೀರ್ಮಾನವಾಗಿದ್ದರಿಂದ ನಡುವಿನ ಏಳೆಂಟು ಗಂಟೆ ಅವನದು, ಅವನ ಸೈಕಲ್ಲಿನದು. ಅಳಿಯಂದಿರ ಟೀಮಿನಲ್ಲಿ ಈ ಮೂರೂ ತೀರ್ಮಾನವಾಗಿರುವುದಿಲ್ಲ. ಏನು ಬೇಕೆಂದು ಕ್ಲೈಂಟಿಗೇ ಗೊತ್ತಿಲ್ಲ, ಯಾವಾಗ ಬೇಕೆಂದರೆ "ಯಸ್ಟರ್‌ಡೇ" ಅನ್ನುತ್ತಾರೆ, ಸರಿಯೋ ತಪ್ಪೋ ಎಂಬುದು ಅಪ್ರೈಸಲ್ ದಿನ ಗೊತ್ತಾಗುತ್ತದೆ. ಅಷ್ಟೂ ಖಾಲಿ ಜಾಗ ತುಂಬಬೇಕಲ್ಲ, ಅದಕ್ಕೇ ಚುಕ್ಕೆ ಕಾಯುವುದು.

ಇನ್ನೊಂದು ಮಾತು ಅಳಿಯಂದಿರಿಗೆ ರುಚಿಸುವುದಿಲ್ಲ, ಆದರೂ ಹೇಳುತ್ತೇನೆ. ನಮ್ಮ ಹೆಡ್ ಆಫೀಸು ದೂರದ ಊರಿನಲ್ಲಿತ್ತು, ಬ್ರಾಂಚುಗಳು ದೇಶದ ತುಂಬ. ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದರೆ, ಸಿಕ್ಕಿದ ಮೂರು ನಿಮಿಷದಲ್ಲಿ ಎರಡು ನಿಮಿಷ "ಹಲೋ ಹಲೋ". ಮಾತಿಗೆ ಅಷ್ಟು ಬೆಲೆ ಇದ್ದದ್ದರಿಂದ ಹೆಡ್ ಆಫೀಸಿನವರು ತಲೆ ಓಡಿಸಿ ಬರೆಯುತ್ತಿದ್ದರು. ನಂಬರು ಹಾಕಿದ, ತಾರೀಖು ಹಾಕಿದ ಸರ್ಕ್ಯುಲರು. ಹಿಂದಿನ ಯಾವ ಸರ್ಕ್ಯುಲರಿನ ಯಾವ ಪ್ಯಾರಾ ಇವತ್ತಿನಿಂದ ರದ್ದು ಎಂಬುದೂ ಅದರಲ್ಲೇ. ಅಸ್ಸಾಮಿನ ಬ್ರಾಂಚಿಗೆ ವರ್ಗವಾಗಿ ಹೋದ ಹುಡುಗ ಒಂದು ಭಾನುವಾರ ಕೂತು ಆ ಫೈಲು ಓದಿದರೆ ಸೋಮವಾರ ಸಾಲದ ಅರ್ಜಿ ಪಾಸು ಮಾಡಬಹುದಿತ್ತು. ಭಾಷೆ ಒಣಕಲು, ಒಪ್ಪುತ್ತೇನೆ. ಸರ್ಕ್ಯುಲರ್ ಓದಿ ಕಣ್ಣೀರು ಹಾಕಿದವರು ಇಂಕ್ರಿಮೆಂಟು ತಪ್ಪಿದವರು ಮಾತ್ರ.

ಬರೆದು ಆಳುವುದರ ಅತಿರೇಕ ನೋಡಬೇಕೆಂದರೆ ಲಂಡನ್ನಿನ ಲೆಡನ್‌ಹಾಲ್ ಬೀದಿಗೆ ಹೋಗಬೇಕು. ಈಸ್ಟ್ ಇಂಡಿಯಾ ಕಂಪನಿಯ ಕಚೇರಿ ಅಲ್ಲಿತ್ತು. ತತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ 1823ರಿಂದ 1858ರವರೆಗೆ ಅಲ್ಲಿ ಕೂತು ಇಂಡಿಯಾಕ್ಕೆ ಹೋಗುವ ಪತ್ರಗಳ ಕರಡು ಬರೆದ. ಇಂಡಿಯಾಕ್ಕೆ ಒಂದು ಸಲವೂ ಬರಲಿಲ್ಲ. ಅವನಪ್ಪ ಜೇಮ್ಸ್ ಮಿಲ್ ಅಂತೂ ಈ ದೇಶದ ನೆಲ ಮೆಟ್ಟದೆಯೇ ಇದರ ಇತಿಹಾಸ ಬರೆದು ಮುಗಿಸಿದ್ದ. ಹಡಗು ಆಫ್ರಿಕಾ ಸುತ್ತಿ ಬರುವ ಕಾಲದಲ್ಲಿ ಒಂದು ಪ್ರಶ್ನೆಗೆ ಉತ್ತರ ಕೈಸೇರುವ ಹೊತ್ತಿಗೆ ಕೇಳಿದವನು ಬದುಕಿರುತ್ತಾನೆಂಬ ಗ್ಯಾರಂಟಿ ಇರಲಿಲ್ಲ. ದೂರದಿಂದ ಆಳುವವರು ಸ್ಥಳದ ಸ್ಥಿತಿ ತಿಳಿಯದೆ ಎಷ್ಟು ಹಾಳು ಮಾಡಬಹುದು ಎಂಬುದಕ್ಕೂ ಅದೇ ಕಂಪನಿ ಸಾಕ್ಷಿ, ಆ ಬಿಲ್ಲನ್ನು ನಾವೇ ಕಟ್ಟಿದ್ದೇವೆ.

ಈಗ ಮಾತು ಪುಕ್ಕಟೆ. ಪುಕ್ಕಟೆಯಾದದ್ದರಿಂದಲೇ ಒಂದು ಹೊಸ ರೋಗ ಬಂದಿದೆ. ಬೆಳಿಗ್ಗೆ ಹತ್ತಕ್ಕೆ ಅಳಿಯಂದಿರಿಗೆ ಪುಣೆಯಿಂದ ಒಂದು ಮೆಸೇಜು ಬರುತ್ತದೆ: "ಹಾಯ್". ಅಷ್ಟೇ. ಇವರು ದೋಸೆ ಬಿಟ್ಟು "ಹಾಯ್" ಅನ್ನುತ್ತಾರೆ. ಆ ಕಡೆ ಮೂರು ಚುಕ್ಕೆ ಕುಣಿಯತೊಡಗುತ್ತವೆ. ಕುಣಿಯುತ್ತವೆ, ನಿಲ್ಲುತ್ತವೆ, ಮತ್ತೆ ಕುಣಿಯುತ್ತವೆ. ದೋಸೆ ತಣ್ಣಗಾಗಿ ಚರ್ಮದಂತಾಗುತ್ತದೆ. ಹತ್ತೂಕಾಲಿಗೆ "ಹೌ ಆರ್ ಯೂ" ಬರುತ್ತದೆ. ಇವರು ಸೌಖ್ಯ ತಿಳಿಸಿ, ಅವರ ಸೌಖ್ಯ ವಿಚಾರಿಸುತ್ತಾರೆ. ಹತ್ತೂವರೆಗೆ "ಒಂದು ಸಣ್ಣ ಡೌಟು". ಮತ್ತೆ ಕುಣಿತ. ಹನ್ನೊಂದಕ್ಕೆ ಸಣ್ಣ ಡೌಟು ಪ್ರಕಟವಾದಾಗ ಅದಕ್ಕೆ "ಹೌದು" ಎಂಬ ಒಂದೇ ಪದದ ಉತ್ತರವಿರುತ್ತದೆ. ಹಿಂದಿನ ಕಾಲದ ಟೆಲಿಗ್ರಾಂ ಗುಮಾಸ್ತ ಇದನ್ನು ಕಂಡಿದ್ದರೆ ಪದಕ್ಕೆ ಇಷ್ಟೆಂದು ಲೆಕ್ಕಹಾಕಿ ಅತ್ತುಬಿಡುತ್ತಿದ್ದ. ತಮಾಷೆಯೆಂದರೆ ಅಳಿಯಂದಿರೂ ತಮ್ಮ ಮೇಲಿನವರಿಗೆ ಹೀಗೆಯೇ "ಹಾಯ್" ಹಾಕಿ ಕಾಯುತ್ತಾರೆ.

ಮಗಳ ರೂಮಿನ ನಿಶ್ಶಬ್ದದ ಗುಟ್ಟು ತಿಳಿದದ್ದು ಆಮೇಲೆ. ಅವಳು ಬೆಳಿಗ್ಗೆ ಕಾಫಿ ಹಿಡಿದು ಕೂತು ಒಂದು ಟಿಪ್ಪಣಿ ಬರೆಯುತ್ತಾಳೆ. ನಿನ್ನೆ ಏನು ತೀರ್ಮಾನವಾಯಿತು, ಯಾಕೆ ಆಯಿತು, ಯಾರ ಮೇಲೆ ಏನಿದೆ, ಯಾವುದು ಇನ್ನೂ ಗೊತ್ತಿಲ್ಲ. ಟೀಮಿನವರು ತಮ್ಮ ತಮ್ಮ ಹೊತ್ತಿಗೆ ಓದಿ, ಕೆಳಗೆ ತಮ್ಮ ಸಾಲು ಸೇರಿಸುತ್ತಾರೆ. "ಹಾಯ್" ಎಂದು ಮಾತ್ರ ಬಂದ ಮೆಸೇಜಿಗೆ ಅವಳು ಉತ್ತರಿಸುವುದೇ ಇಲ್ಲ. ಮೊದಲು ದುರಹಂಕಾರಿ ಅಂದರಂತೆ, ಆಮೇಲೆ ಹಾಯ್ ಜೊತೆ ಪ್ರಶ್ನೆಯನ್ನೂ ಸೇರಿಸಿ ಕಳಿಸುವುದು ಕಲಿತರಂತೆ. ಈ ವಿದ್ಯೆಯನ್ನು ಕಟ್ಟುನಿಟ್ಟಾಗಿ ಪಾಲಿಸುವ ಗಿಟ್‌ಲ್ಯಾಬ್ ಎಂಬ ಕಂಪನಿಯೊಂದಿದೆ, ಆಫೀಸು ಎಂಬುದನ್ನೇ ಇಟ್ಟುಕೊಳ್ಳದೆ ಹಲವು ದೇಶಗಳಲ್ಲಿ ಜನರನ್ನಿಟ್ಟುಕೊಂಡಿದೆ, ತನ್ನ ಕೈಪಿಡಿಯನ್ನು ಲೋಕವೇ ಓದಲಿ ಎಂದು ಬಿಚ್ಚಿಟ್ಟಿದೆ ಎಂದು ಅವಳೇ ತೋರಿಸಿದಳು. 2,000 ಪುಟ ದಾಟಿದ ಕೈಪಿಡಿ. ನೋಡಿ ನನಗೆ ನಮ್ಮ ಸರ್ಕ್ಯುಲರ್ ಬೀರು ನೆನಪಾಗಿ ಹೆಮ್ಮೆಯಾಯಿತು.

ಮಗಳೆಂದು ಬಿಟ್ಟುಕೊಡಲಾರೆ. ಅವಳ ಟಿಪ್ಪಣಿ ಮೊದಲು ಅರ್ಧ ಪುಟವಿತ್ತು, ಈಗ ಒಂಬತ್ತು ಪುಟಕ್ಕೆ ಬೆಳೆದಿದೆ. ಶೀರ್ಷಿಕೆ, ಉಪಶೀರ್ಷಿಕೆ, ಬಣ್ಣ. ಒಂಬತ್ತನೆಯ ಪುಟದಲ್ಲಿ "ಇದನ್ನು ಓದಿದವರು ನನಗೊಂದು ಮಾವಿನ ಚಿತ್ರ ಕಳಿಸಿ" ಎಂದು ಬರೆದು ಪರೀಕ್ಷೆ ಮಾಡಿದಳು. ಒಂದೂ ಬರಲಿಲ್ಲ. ಅಳಿಯಂದಿರು ಆ ರಾತ್ರಿ ಎರಡು ಚಪಾತಿ ಹೆಚ್ಚಿಗೆ ತಿಂದರು.

ಶಿರಸಿಯ ಹುಡುಗಿಯ ಕತೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಘಟ್ಟದ ಮಳೆಗಾಲ ಕಂಡವರಿಗೆ ಗೊತ್ತು, ಅಲ್ಲಿ ಕರೆಂಟು ಹೋದರೆ ಸ್ವಲ್ಪ ಹೊತ್ತಿಗೆ ಹಿಂದೆಯೇ ಟವರೂ ಹೋಗುತ್ತದೆ. ಕೊರೋನಾ ಕಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಸಿಗ್ನಲ್ ಸಿಗುವ ಜಾಗದಲ್ಲಿ ಮಗಳು ರಸ್ತೆಬದಿ ಕೂತು ಪಾಠ ಕೇಳುತ್ತಿದ್ದಳು, ಅಪ್ಪ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದ. ಆ ಫೋಟೋ 2021ರಲ್ಲಿ ಎಲ್ಲರ ಮೊಬೈಲಿಗೂ ಬಂದಿತ್ತು. ಅಂಥದೇ ಒಂದು ಮಧ್ಯಾಹ್ನ ಅಳಿಯಂದಿರ ಮೀಟಿಂಗು. ನಾನು ಕಾಫಿ ಲೋಟ ಎತ್ತಲು ಬಂದವನು ಪರದೆ ನೋಡಿದೆ. ಹತ್ತು ಮುಖ, ಒಂದು ಕಪ್ಪು ಚೌಕ. ಕಪ್ಪು ಚೌಕದೊಳಗಿಂದ ತಗಡಿನ ಮೇಲೆ ಮಳೆ ಬಡಿಯುವ ಸದ್ದು.

"ಕ್ಯಾಮೆರಾ ಆನ್ ಮಾಡಮ್ಮ. ಎಲ್ಲರೂ ಮಾಡಿದಾರೆ."

ಕಪ್ಪು ಚೌಕ ತೆರೆಯಿತು. ಬಸ್ ಸ್ಟಾಪಿನ ಕಟ್ಟೆ. ಹುಡುಗಿ ನೀಲಿ ಪ್ಲಾಸ್ಟಿಕ್ಕಿನ ಕೊಪ್ಪೆ ಹೊದ್ದು, ಆ ಕೊಪ್ಪೆಯ ಒಂದು ಸೆರಗನ್ನು ಲ್ಯಾಪ್‌ಟಾಪಿನ ಮೇಲೆ ಎಳೆದು ಹಿಡಿದಿದ್ದಾಳೆ. ಹಿಂದೆ ಸ್ಕೂಟಿ, ಅದರ ಪಕ್ಕ ನೆನೆಯುತ್ತ ನಿಂತ ಎಮ್ಮೆ. ಎಮ್ಮೆ ನೇರವಾಗಿ ಕ್ಯಾಮೆರಾ ನೋಡುತ್ತಿತ್ತು. ಮೀಟಿಂಗಿನಲ್ಲಿ ಅಷ್ಟು ಗಮನ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

"ಸರ್, ನನ್ನ ಕೆಲಸ ಬೆಳಗಿನ ಜಾವ ನೆಟ್ ಇದ್ದಾಗಲೇ ಮುಗಿಸಿ ಹಾಕಿದೀನಿ," ಎಂದಳು. "ಮೀಟಿಂಗಿಗೆ ಅಂತಲೇ ಇಲ್ಲಿಗೆ ಬಂದಿದ್ದು."

ಅಳಿಯಂದಿರು ಕೆಟ್ಟವರಲ್ಲ. ಅವತ್ತು ಸಂಜೆಯಿಂದ ಅವಳಿಗೆ ಕ್ಯಾಮೆರಾ ಮಾಫಿ. ನಾನು ಮೀಟಿಂಗೂ ಮಾಫಿ ಮಾಡಿ, ಬರೆದು ಕಳಿಸಲು ಹೇಳಿ ಎಂದೆ. ಅದಕ್ಕೆ ಅವರು "ವಿಸಿಬಿಲಿಟಿ ಹೋಗುತ್ತೆ ಮಾವ, ಅಪ್ರೈಸಲ್‌ನಲ್ಲಿ ಅವಳಿಗೇ ಪೆಟ್ಟು" ಎಂದರು. ಅದು ಮಾತ್ರ ನಗೆಯಾಡುವ ಮಾತಲ್ಲ. ಸ್ಟ್ಯಾನ್‌ಫರ್ಡಿನ ನಿಕೋಲಸ್ ಬ್ಲೂಮ್ ಮತ್ತು ಅವರ ಜೊತೆಯವರು ಚೀನಾದ ಸಿಟ್ರಿಪ್ ಎಂಬ ಟ್ರಾವೆಲ್ ಕಂಪನಿಯ ಕಾಲ್ ಸೆಂಟರಿನಲ್ಲಿ ಒಂಬತ್ತು ತಿಂಗಳು ಒಂದು ಪ್ರಯೋಗ ಮಾಡಿದ್ದರು. ಮನೆಯಿಂದ ದುಡಿಯಲು ಮುಂದೆ ಬಂದವರಲ್ಲಿ ಹುಟ್ಟಿದ ತಾರೀಖು ಸರಿಸಂಖ್ಯೆಯಾದವರು ಮನೆಗೆ, ಬೆಸಸಂಖ್ಯೆಯವರು ಆಫೀಸಿಗೆ. ಜಾತಕ ನೋಡಿ ಕೆಲಸ ಹಂಚುವ ಪದ್ಧತಿ ನಮ್ಮಲ್ಲಿ ಮಾತ್ರ ಇದೆಯೆಂದುಕೊಂಡಿದ್ದೆ. ಮನೆಗೆ ಹೋದವರ ದುಡಿಮೆ ನೂರಕ್ಕೆ 13ರಷ್ಟು ಏರಿತು, ಕೆಲಸ ಬಿಟ್ಟು ಹೋಗುವವರು ಅರ್ಧಕ್ಕರ್ಧ ಇಳಿದರು. ಆದರೆ ಅಷ್ಟೇ ಚೆನ್ನಾಗಿ ದುಡಿದ ಆಫೀಸಿನವರಿಗೆ ಹೋಲಿಸಿದರೆ ಮನೆಯವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಮತ್ತೆ ಆರಿಸಿಕೊಳ್ಳಿ ಎಂದಾಗ ಎಷ್ಟೋ ಜನ ಮನೆಯ ಒಂಟಿತನ ಸಾಕು ಎಂದು ಆಫೀಸಿಗೇ ವಾಪಸು ಬಂದರು. ಕಣ್ಣೆದುರು ಇಲ್ಲದವನ ಕೆಲಸ ಮಾತ್ರ ಬರುತ್ತದೆ, ಅವನು ಬರುವುದಿಲ್ಲ. ಬಡ್ತಿ ಹಂಚುವಾಗ ಮೇಲಿನವರಿಗೆ ನೆನಪಾಗುವುದು ಮುಖ.

ಈ ಒಂಟಿತನಕ್ಕೆ ಅಳಿಯಂದಿರ ಕಂಪನಿಯವರು ಕಂಡುಕೊಂಡ ಔಷಧಿ ಶುಕ್ರವಾರದ ಫನ್ ಸೆಷನ್ನು. ಎಚ್‌ಆರ್‌ನಿಂದ ಒಬ್ಬಳು ಬಂದು "ಎಲ್ಲರೂ ನಗ್ತಾ ಇದೀರಾ" ಎಂದು ಕೇಳುತ್ತಾಳೆ. ಎಲ್ಲರೂ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ. ಮಗಳ ಉಪಾಯ ಬೇರೆ. ಸಂಜೆ ಮಹಡಿಯ ಮೇಲೆ ಒಣಹಾಕಿದ ಬಟ್ಟೆಗಳ ನಡುವೆ ತಿರುಗಾಡುತ್ತ ದಿನಕ್ಕೊಬ್ಬರಿಗೆ ಮಾಮೂಲಿ ಫೋನು ಮಾಡುತ್ತಾಳೆ. ಲ್ಯಾಪ್‌ಟಾಪಿಲ್ಲ, ಮುಖ ತೋರಿಸಬೇಕಿಲ್ಲ. ಊಟ ಆಯ್ತಾ, ಅಮ್ಮನ ಮಂಡಿನೋವು ಹೇಗಿದೆ, ಆ ಹೊಸ ಕೆಲಸ ಬೋರಾಗ್ತಿದೆಯಾ, ಬೇರೆ ಏನಾದರೂ ಕೊಡಲಾ. ಹತ್ತು ನಿಮಿಷ. ಮೊದಲು ನನಗದು ಹರಟೆ ಅನ್ನಿಸಿತ್ತು. ಆದರೆ ಯಾರಿಗೆ ಕೆಲಸ ಬಿಡುವ ಮನಸ್ಸಾಗಿದೆ ಎಂಬುದು ಅವಳಿಗೆ ಎರಡು ತಿಂಗಳು ಮುಂಚೆ ಗೊತ್ತಾಗುತ್ತದೆ, ಅಳಿಯಂದಿರಿಗೆ ರಾಜೀನಾಮೆಯ ಇಮೇಲ್ ಬಂದಾಗ.

ಗಡಿಯಾರದ ಗೋಳು ಬೇರೆ ಇದೆ. ಪೋಲೆಂಡು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಕ್ಯಾಲಿಫೋರ್ನಿಯಾ ಹದಿಮೂರೂವರೆ. ಅದನ್ನು ಉರು ಹೊಡೆದು ಮುಗಿಸುವಷ್ಟರಲ್ಲಿ ಮಾರ್ಚಿನ ಎರಡನೆಯ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಯುರೋಪಿನವರು ಅದೇ ಕೆಲಸವನ್ನು ಮಾರ್ಚಿನ ಕೊನೆಯ ಭಾನುವಾರ ಮಾಡುತ್ತಾರೆ. ನಡುವಿನ ಎರಡು ಮೂರು ವಾರ ಅಳಿಯಂದಿರು ಯಾವುದೋ ಮೀಟಿಂಗಿಗೆ ಒಂದು ಗಂಟೆ ಬೇಗ, ಯಾವುದಕ್ಕೋ ಒಂದು ಗಂಟೆ ತಡ. ಹಗಲಿನ ಬೆಳಕು ಉಳಿಸುವ ಈ ಉಪಾಯದಿಂದ ಉಳಿದ ಬೆಳಕೆಲ್ಲ ನಮ್ಮ ಅಡುಗೆಮನೆಯಲ್ಲಿ ರಾತ್ರಿ ಹನ್ನೆರಡರವರೆಗೆ ಉರಿಯುತ್ತದೆ. ರಾತ್ರಿ ಪಾಳಿ ಯಾವಾಗಲೂ ಇಂಡಿಯಾದವರದ್ದೇ ಯಾಕೆ, ತಿಂಗಳಿಗೊಮ್ಮೆ ಆ ಕ್ಯಾಲಿಫೋರ್ನಿಯಾದವನೂ ನಡುರಾತ್ರಿ ಏಳಲಿ ಎಂದು ನಮ್ಮವಳು ಕೇಳಿದಳು. ಅಳಿಯಂದಿರು ಅತ್ತೆಯನ್ನು ಭಕ್ತಿಯಿಂದ ನೋಡಿದರು. ಕ್ಲೈಂಟಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಕೊನೆಗೆ ದೊಡ್ಡವರಿಗೆಲ್ಲ ಬೇಸರ ಬಂದು, ಎಲ್ಲರೂ ಆಫೀಸಿಗೆ ಬನ್ನಿ ಎಂದರು. ಯಾಹೂ ಕಂಪನಿಯ ಮರಿಸ್ಸಾ ಮೇಯರ್ ಈ ಮಾತನ್ನು 2013ರಲ್ಲೇ ಹೇಳಿ ಬೈಸಿಕೊಂಡಿದ್ದರು. 2023ರಲ್ಲಿ ಸ್ವತಃ ಜೂಮ್ ಕಂಪನಿ, ಆಫೀಸಿನಿಂದ 50 ಮೈಲಿಯೊಳಗೆ ಇರುವ ತನ್ನ ನೌಕರರು ವಾರಕ್ಕೆ ಎರಡು ದಿನ ಖುದ್ದಾಗಿ ಬರಬೇಕು ಎಂದಿತು. ಹಲ್ಲುಪುಡಿ ಕಂಪನಿಯವನು ಬೇವಿನ ಕಡ್ಡಿ ಕಚ್ಚಿಕೊಂಡು ಹೊರಗೆ ಬಂದಂತಾಯಿತು. ಎಂ.ಐ.ಟಿ.ಯ ಥಾಮಸ್ ಅಲೆನ್ ಎಂಬುವರು 1970ರ ದಶಕದಲ್ಲೇ ಅಳೆದು ನೋಡಿದ್ದರು, ಒಂದೇ ಕಟ್ಟಡದಲ್ಲಿ ಕೂತರೂ ಸೀಟುಗಳ ನಡುವೆ 50 ಮೀಟರ್ ದಾಟಿದರೆ ಇಂಜಿನಿಯರುಗಳು ಒಬ್ಬರಿಗೊಬ್ಬರು ಮಾತಾಡುವುದು ಹೆಚ್ಚುಕಡಿಮೆ ನಿಂತೇಹೋಗುತ್ತದೆ ಎಂದು. ಆಫೀಸಿಗೆ ಕರೆಸುವವರು ಆ ಟೇಪನ್ನೂ ಜೊತೆಗೆ ತರಬೇಕಿತ್ತು.

ಅಳಿಯಂದಿರ ಕಂಪನಿಯಲ್ಲಿ ವಾರಕ್ಕೆ ಮೂರು ದಿನ ಎಂದಾಯಿತು. 2022ರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು 29 ನಿಮಿಷ 10 ಸೆಕೆಂಡು ಬೇಕಾಗುತ್ತದೆ ಎಂದು ಟಾಮ್‌ಟಾಮ್‌ನವರು ಹೇಳಿದ್ದರು. ಆ 10 ಸೆಕೆಂಡಿನ ಖಚಿತತೆ ಕಂಡು ಔಟರ್ ರಿಂಗ್ ರೋಡಿನವರು ಬಹಳ ನಕ್ಕರಂತೆ. ಅದೇ ವರ್ಷದ ಸೆಪ್ಟೆಂಬರಿನ ಪ್ರವಾಹದಲ್ಲಿ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದವರು ಅವರು. ಅಳಿಯಂದಿರು ಬೆಳಿಗ್ಗೆ ಏಳಕ್ಕೇ ಹೊರಟರು. ಹತ್ತಕ್ಕೆ ನನಗೆ ಫೋನು.

"ಮಾವ, ಹೆಡ್‌ಸೆಟ್ ಊಟದ ಮೇಜಿನ ಮೇಲೇ ಬಿಟ್ಟು ಬಂದಿದೀನಿ. ಪೋರ್ಟರ್‌ನವರ ಕೈಲಿ ಕಳಿಸ್ತೀರಾ?"

"ಆಫೀಸಿಗೇ ಹೋಗಿದೀರಲ್ಲ, ಎದುರಿಗೇ ಕೂತು ಮಾತಾಡಬಹುದಲ್ಲ?"

"ಯಾರ ಎದುರಿಗೆ ಮಾವ? ಹೈದರಾಬಾದಿನವರು ಹೈದರಾಬಾದ್ ಆಫೀಸಿಗೆ ಹೋಗಿದಾರೆ, ಪುಣೆಯವರು ಪುಣೆಗೆ. ಈ ಫ್ಲೋರಲ್ಲಿ ನನ್ನ ಟೀಮಿನೋರು ಒಬ್ಬರೂ ಇಲ್ಲ. ಮೀಟಿಂಗ್ ರೂಮು ಸಿಗಲಿಲ್ಲ, ಪ್ರಿಂಟರ್ ಪಕ್ಕ ಕೂತಿದೀನಿ."

ಪೋರ್ಟರ್ ಹುಡುಗ ಬಂದು ಹೆಡ್‌ಸೆಟ್ ಚೀಲಕ್ಕೆ ಹಾಕಿಕೊಂಡು ಹೊರಟ. ನಮ್ಮವಳು ಕನ್ನಡಕ ಏರಿಸಿಕೊಂಡು ಮೊಬೈಲಿನಲ್ಲಿ ಅವನ ಬೈಕಿನ ಗೊಂಬೆ ಕದಲುವುದನ್ನೇ ನೋಡುತ್ತ ಕೂತಳು. ಸೌತ್ ಎಂಡ್ ಸರ್ಕಲ್, ಜಯನಗರ, ಸಿಲ್ಕ್ ಬೋರ್ಡ್.

"ರೀ, ಹತ್ತು ನಿಮಿಷದಿಂದ ಒಂದೇ ಕಡೆ ನಿಂತಿದಾನೆ. ಟೀ ಕುಡಿಯೋಕೆ ಇಳಿದನೋ ಏನೋ. ಒಂದು ಫೋನ್ ಮಾಡಿ ಎಲ್ಲಿದೀಯಪ್ಪ ಅಂತ ಕೇಳಿ."

ಕೇಳಿದೆ. ಸಿಗ್ನಲ್‌ನಲ್ಲಿದೀನಿ ಸಾರ್ ಎಂದ. ಐದು ನಿಮಿಷ ಬಿಟ್ಟು ಇನ್ನೊಂದು ಸಲ ಕೇಳಿದೆ. ಮೂರನೆಯ ಸಲ ಅವನು ಫೋನೆತ್ತಲಿಲ್ಲ.